ಕವರಿನಲ್ಲಿ ಬರೋ ಸಂಬಳ

ನನ್ನ ತಂಗಿಯ ಮಗ ದಾವಣಗೆರೆಯ ಒಂದು ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್. ವಯಸ್ಸು 22. ತಿಂಗಳ ಮೊದಲ ವಾರ ಸಾಹುಕಾರರು ಕವರಿನಲ್ಲಿ 14,000 ರೂಪಾಯಿ ಹಾಕಿ ಕೊಡ್ತಾರೆ. ಕವರಿನ ಮೇಲೆ ಪೆನ್ಸಿಲ್‌ನಲ್ಲಿ ಇವನ ಹೆಸರಿನ ಮೊದಲಕ್ಷರ, ಅಷ್ಟೇ. ತಾರೀಖಿಲ್ಲ, ಅಂಗಡಿಯ ಹೆಸರಿಲ್ಲ. 25 ಜನ ದುಡಿಯೋ ಅಂಗಡಿ, ಕಾನೂನಿನ ಪ್ರಕಾರ ಪಿಎಫ್ ಕಟ್ಟಲೇಬೇಕು. ಕಟ್ಟೋದು ಮೂರ್ನಾಲ್ಕು ಹಳಬರಿಗೆ ಮಾತ್ರ.

"ಕೇಳೋದಲ್ವೇನೋ?" ಅಂತ ಯುಗಾದಿಗೆ ಬಂದಾಗ ಬೈದೆ. ಮೊಬೈಲ್ ತೆಗೆದು ಲೆಕ್ಕ ತೋರಿಸಿದ. ಪಿಎಫ್‌ಗೆ ಶೇ. 12 ಅಂದ್ರೆ 1,680, ಇಎಸ್‌ಐಗೆ 105. ಕೈಗೆ ಸಿಗೋದು 12,215. "ಆ 1,785ರಲ್ಲಿ ರೂಮಿನ ಬಾಡಿಗೆಯ ನನ್ನ ಪಾಲು ಮುಗಿಯುತ್ತೆ ದೊಡ್ಡಮ್ಮ" ಅಂದ. ಜೊತೆಗೆ ಗೆಳೆಯನ ಕಥೆ ಬೇರೆ. ಆಧಾರ್‌ನಲ್ಲಿ ಒಂದು ಇನಿಷಿಯಲ್, ಪಿಎಫ್ ಖಾತೆಯಲ್ಲಿ ಇನ್ನೊಂದು. ಕೆಲಸ ಬಿಟ್ಟು ವರ್ಷವಾದರೂ ದುಡ್ಡು ಬಂದಿಲ್ಲವಂತೆ. ಆರು ತಿಂಗಳಾದ ಮೇಲೆ ಎಲ್ಲಿರ್ತೀನೋ ಅನ್ನೋ ಹುಡುಗನಿಗೆ 58ನೇ ವಯಸ್ಸಿನ ಪಿಂಚಣಿ ಮಾತಾಡಿದರೆ ನಗದೆ ಇನ್ನೇನು ಮಾಡ್ತಾನೆ? ನಾನೂ ಮದುವೆಗೆ ಮುಂಚೆ ಮೂರು ವರ್ಷ ಟೈಪಿಂಗ್ ಕಲಿಸಿ ಇಂಥದ್ದೇ ಕವರ್ ತಗೊಂಡವಳು. ಸುಮ್ಮನಾದೆ.

ಆದರೆ ಅವನ ಲೆಕ್ಕದಲ್ಲಿ ಸಾಹುಕಾರರ ಪಾಲು ಇರಲೇ ಇಲ್ಲ. ಅವರೂ ಪಿಎಫ್‌ಗೆ 1,680, ಇಎಸ್‌ಐಗೆ 455 ಕೊಡಬೇಕಿತ್ತು. ತಿಂಗಳಿಗೆ 2,135 ರೂಪಾಯಿ. ಕೈಗೇ ಬಾರದ ದುಡ್ಡು ಹೋಯ್ತು ಅಂತ ಯಾರಿಗೆ ತಾನೇ ಅನ್ನಿಸುತ್ತೆ?

ಶ್ರಾವಣದಲ್ಲಿ ಮೇಲಿನ ರ್‍ಯಾಕಿನಿಂದ ಸೀರೆ ಬಂಡಲ್ ತೆಗೆಯುವಾಗ ಏಣಿ ಜಾರಿತು. ಬಲಗೈ ಮಣಿಕಟ್ಟು ಮುರಿಯಿತು. ಖಾಸಗಿ ಆಸ್ಪತ್ರೆಗೆ 18,000. ಐದು ವಾರ ಮನೆಯಲ್ಲಿ ಕೂತ, ಸಂಬಳವಿಲ್ಲ. ಇಎಸ್‌ಐ ಇದ್ದಿದ್ದರೆ ಚಿಕಿತ್ಸೆಗೆ ಒಂದು ಪೈಸೆಯೂ ಖರ್ಚಾಗ್ತಿರಲಿಲ್ಲ. ಕೆಲಸದಲ್ಲೇ ಆದ ಗಾಯ, ರಜೆಯ ದಿನಗಳಿಗೆ ಸಂಬಳದ ಶೇ. 90ರಷ್ಟು ಬರ್ತಿತ್ತು. ದೂರು ಕೊಡೋಣ ಅಂದರೆ ಅವನು ಅಲ್ಲಿ ಕೆಲಸ ಮಾಡ್ತಿದ್ದ ಅನ್ನೋದಕ್ಕೆ ಒಂದು ಚೀಟಿಯಿಲ್ಲ. ಸಾಹುಕಾರರು ಮನೆಗೆ ಬಂದು ಹಣ್ಣು, 3,000 ರೂಪಾಯಿ ಕೊಟ್ಟು ಹೋದರು. "ಒಳ್ಳೇ ಮನುಷ್ಯ ಪಾಪ" ಅಂದಳು ನನ್ನ ತಂಗಿ. ನನಗೆ ಮೈಯೆಲ್ಲ ಉರಿಯಿತು.

ಈಗ ಇನ್ನೊಂದು ಅಂಗಡಿಯಿಂದ ಕರೆ ಬಂದಿದೆ. ಅದೇ 14,000, ಆದರೆ ಬ್ಯಾಂಕಿಗೆ ಹಾಕ್ತಾರೆ, ಪಿಎಫ್, ಇಎಸ್‌ಐ ಎರಡೂ ಉಂಟು. ಕೈಗೆ 12,215. ಆಸ್ಪತ್ರೆ ಸಾಲ ಇನ್ನೂ ತೀರಿಲ್ಲವಲ್ಲ, ಹಳೇ ಅಂಗಡಿಯವರು 500 ಜಾಸ್ತಿ ಮಾಡ್ತೀನಿ ಅಂತಿದ್ದಾರೆ. ನಿನ್ನೆ ರಾತ್ರಿ ಫೋನ್ ಮಾಡಿ, "ನೀವೇ ಹೇಳಿ ದೊಡ್ಡಮ್ಮ" ಅಂದ. ಹೊಸದಕ್ಕೇ ಹೋಗು, ಬಾಡಿಗೆಗೆ ಕಡಿಮೆ ಬಿದ್ದದ್ದನ್ನ ಒಂದು ವರ್ಷ ನಾನು ಕೊಡ್ತೀನಿ ಅಂದೆ. ಸೋಮವಾರ ಹೇಳ್ತಾನಂತೆ.