ನಗಲು ಬಾರದ ಪಾಠ ನಮ್ಮದಾಗುವುದು ಹೇಗೆ?

ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನಗಲು ಬರುವುದಿಲ್ಲ ಎಂದು ಯಾರೂ ಹೇಳಲಾರರು. ನಮ್ಮ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪ್ ನೋಡಿದರೆ ಸಾಕು. ಬ್ಯಾಕ್‌ಲಾಗ್ ಮೇಲೊಂದು ಮೀಮ್, ಅಟೆಂಡೆನ್ಸ್ ಮೇಲೊಂದು ಮೀಮ್, ಪ್ಲೇಸ್‌ಮೆಂಟ್ ಮೇಲಂತೂ ದಿನಕ್ಕೆ ಹತ್ತು. ಆದರೆ ಸ್ವಲ್ಪ ಗಮನಿಸಿ, ಈ ನಗುವೆಲ್ಲ ಪಾಠದ ಸುತ್ತಮುತ್ತ ಇದೆಯೇ ಹೊರತು ಪಾಠದ ಒಳಗಿಲ್ಲ. ಥರ್ಮೊಡೈನಮಿಕ್ಸ್ ಎದುರು, ಆಪರೇಟಿಂಗ್ ಸಿಸ್ಟಂ ಎದುರು ನಾವು ಕೈಕಟ್ಟಿ ನಿಲ್ಲುತ್ತೇವೆ. ಉರು ಹೊಡೆಯುತ್ತೇವೆ, ಪರೀಕ್ಷೆಯಲ್ಲಿ ಬರೆದು ಮರೆಯುತ್ತೇವೆ. ಯಾವ ವಿಷಯ ಇಟ್ಟುಕೊಂಡು ತಮಾಷೆ ಮಾಡಲು ನಮಗೆ ಬಾರದೋ, ಆ ವಿಷಯ ಇನ್ನೂ ನಮ್ಮದಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಹೀಗನ್ನಿಸಿದ್ದು ಡಗ್ಲಾಸ್ ಆ್ಯಡಮ್ಸ್ ಅವರನ್ನು ಓದಿದಾಗ. ಇಂಗ್ಲೆಂಡಿನ ಈ ಲೇಖಕ ಕಾಲೇಜಿನಲ್ಲಿ ಓದಿದ್ದು ಸಾಹಿತ್ಯ, ಹೆಸರಾದದ್ದು ನಗೆಯ ವಿಜ್ಞಾನ ಕತೆಗಳಿಂದ. ಅವರ ‘ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ’ 1978ರಲ್ಲಿ ಬಿಬಿಸಿ ರೇಡಿಯೊ ನಾಟಕವಾಗಿ ಬಂತು, ಮರುವರ್ಷ ಕಾದಂಬರಿಯಾಯಿತು. ಕತೆ ಶುರುವಾಗುವುದು ರಾಕೆಟ್‌ನಿಂದಲ್ಲ, ಬೈಪಾಸ್ ರಸ್ತೆಯಿಂದ. ಒಬ್ಬ ಸಾಮಾನ್ಯನ ಮನೆ ಕೆಡವಲು ಬುಲ್ಡೋಜರ್ ಬಂದು ನಿಲ್ಲುತ್ತದೆ. ನಕ್ಷೆಯನ್ನು ಕಚೇರಿಯಲ್ಲಿ ಇಟ್ಟಿದ್ದೆವಲ್ಲ, ಆಗಲೇ ಆಕ್ಷೇಪಣೆ ಸಲ್ಲಿಸಬಹುದಿತ್ತಲ್ಲ ಎಂದು ಅಧಿಕಾರಿ ವಾದಿಸುತ್ತಾನೆ. ಅದೇ ದಿನ ಅನ್ಯಗ್ರಹದವರು ಅಂತರಿಕ್ಷದ ಬೈಪಾಸ್‌ಗಾಗಿ ಇಡೀ ಭೂಮಿಯನ್ನೇ ಕೆಡವುತ್ತಾರೆ. ಅವರ ವಾದವೂ ಅದೇ!

ಅದೇ ಕತೆಯಲ್ಲಿ ‘ಡೀಪ್ ಥಾಟ್’ ಎಂಬ ಕಂಪ್ಯೂಟರ್ ಜೀವನದ ಅಂತಿಮ ಉತ್ತರಕ್ಕಾಗಿ 75 ಲಕ್ಷ ವರ್ಷ ಲೆಕ್ಕ ಹಾಕಿ ಕೊನೆಗೆ 42 ಎನ್ನುತ್ತದೆ. ಪ್ರಶ್ನೆ ಏನಿತ್ತು ಎಂಬುದೇ ಯಾರಿಗೂ ಗೊತ್ತಿರುವುದಿಲ್ಲ. ಏನು ಬೇಕೆಂದು ಸರಿಯಾಗಿ ತಿಳಿಯದೆ ರಾತ್ರಿಯಿಡೀ ಕೋಡ್ ಬರೆದವರಿಗೆ ಇದು ಬರೀ ಜೋಕ್ ಅಲ್ಲ, ಅನುಭವ. ಮುಂದೆ ಅಮೆರಿಕದ ವಿದ್ಯಾರ್ಥಿಗಳು ತಾವು ಕಟ್ಟಿದ ಚೆಸ್ ಆಡುವ ಕಂಪ್ಯೂಟರ್‌ಗೆ ಇದೇ ಹೆಸರಿಟ್ಟರು. ನಕ್ಕವರೇ ಯಂತ್ರವನ್ನೂ ಕಟ್ಟಿದರು ಎಂಬುದನ್ನು ಮರೆಯಬಾರದು.

ಕನ್ನಡದಲ್ಲಿ ಇಂಥವರು ಇದ್ದಾರೆಯೇ? ವೈಜ್ಞಾನಿಕ ಕಾದಂಬರಿ ಎಂದರೆ ರಾಜಶೇಖರ ಭೂಸನೂರಮಠರ ಹೆಸರು ನೆನಪಾಗುತ್ತದೆ. ಆದರೆ ವಿಜ್ಞಾನ ಮತ್ತು ನಗು ಒಂದೇ ತಟ್ಟೆಯಲ್ಲಿ ಬೇಕೆಂದರೆ ನಾವು ಹೋಗಬೇಕಾದದ್ದು ಬಿ.ಜಿ.ಎಲ್. ಸ್ವಾಮಿಯವರ ಬಳಿಗೆ. ಅವರು ಬರೆದದ್ದು ಕಲ್ಪನೆಯ ಗ್ರಹಗಳ ಕತೆಯಲ್ಲ, ಈ ಗ್ರಹದ ಗಿಡಮರಗಳ ಕತೆ. ಡಿ.ವಿ.ಜಿ.ಯವರ ಮಗನಾದ ಸ್ವಾಮಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು, ಅಲ್ಲೇ ಪ್ರಾಂಶುಪಾಲರೂ ಆದರು. ನಿವೃತ್ತಿಯ ನಂತರ ಬಂದದ್ದು ನಮ್ಮ ಮೈಸೂರು ವಿಶ್ವವಿದ್ಯಾಲಯಕ್ಕೆ. 1980ರಲ್ಲಿ ತೀರಿಕೊಂಡರು. ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ಬೆಳಿಗ್ಗೆ ಓಡುವ ನನ್ನ ಓರಗೆಯವರಲ್ಲಿ ಎಷ್ಟು ಜನ ಅವರ ಹೆಸರು ಕೇಳಿದ್ದಾರೆ?

ಅವರ ‘ಹಸಿರು ಹೊನ್ನು’ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟದಲ್ಲಿ ಗಿಡ ಹುಡುಕಿಕೊಂಡು ಅಲೆದ ಕತೆ. ಚಿತ್ರಗಳನ್ನೂ ಅವರೇ ಬರೆದಿದ್ದಾರೆ. ಅದರಲ್ಲಿ ಸಸ್ಯದ ಶಾಸ್ತ್ರೀಯ ಹೆಸರೂ ಬರುತ್ತದೆ, ಹುಡುಗರ ತರಲೆಯೂ ಬರುತ್ತದೆ. ಯಾವುದು ಪಾಠ, ಯಾವುದು ತಮಾಷೆ ಎಂದು ಗೆರೆ ಎಳೆಯುವುದು ಕಷ್ಟ. ಈ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1978ರಲ್ಲಿ, ಅಂದರೆ ಆ್ಯಡಮ್ಸ್ ಲಂಡನ್ನಿನ ರೇಡಿಯೊದಲ್ಲಿ ಭೂಮಿಯನ್ನು ಕೆಡವಿದ ವರ್ಷವೇ. ‘ಕಾಲೇಜು ರಂಗ’ದಲ್ಲಿ ಅವರು ಶಿಕ್ಷಣ ಸಂಸ್ಥೆಗಳ ಒಳಗಿನ ರಾಜಕೀಯವನ್ನು ಗೇಲಿ ಮಾಡಿದರು. ಪುಟ್ಟಣ್ಣ ಕಣಗಾಲ್ ಅದನ್ನು 1976ರಲ್ಲಿ ಸಿನಿಮಾ ಮಾಡಿದರು.

ನನಗೆ ಇಷ್ಟವಾದದ್ದು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’. ಹೆಸರಲ್ಲೇ ನಗು, ಹೆಸರಲ್ಲೇ ವಿಜ್ಞಾನ. ನಮ್ಮದೇ ಎಂದು ಬೀಗುವ ಮೈಸೂರು ಮಸಾಲೆ ದೋಸೆಯನ್ನೇ ತೆಗೆದುಕೊಳ್ಳಿ. ಒಳಗಿನ ಪಲ್ಯದ ಆಲೂಗಡ್ಡೆ ಆಂಡೀಸ್ ಬೆಟ್ಟಗಳದ್ದು. ಕೆಂಪು ಚಟ್ನಿಯ ಮೆಣಸಿನಕಾಯಿ ಪೋರ್ಚುಗೀಸರ ಕಾಲದಲ್ಲಿ ಅಮೆರಿಕ ಖಂಡದಿಂದ ಹಡಗಿನಲ್ಲಿ ಬಂದದ್ದು. ಅಲ್ಲಿಯವರೆಗೆ ನಮ್ಮ ನಾಲಿಗೆಗೆ ಖಾರ ಎಂದರೆ ಮೆಣಸು. ಹೊಸ ಅತಿಥಿ ಅದರ ಹೆಸರನ್ನೇ ಎರವಲು ಪಡೆದು ‘ಮೆಣಸಿನ ಕಾಯಿ’ ಆಯಿತು, ಆಮೇಲೆ ಮನೆಯ ಯಜಮಾನನೇ ಆಗಿ ಕುಳಿತಿತು. ಇದನ್ನು ತಿಳಿದ ಮೇಲೆ ‘ಇದು ನಮ್ಮದು, ಅದು ಪರಕೀಯ’ ಎಂದು ಜಗಳ ಆಡುವವರನ್ನು ಕಂಡರೆ ನಗು ಬರದೇ ಇರುತ್ತದೆಯೇ?

ನಗಿಸಿದರೆ ವಿಜ್ಞಾನ ಹಗುರವಾಗುತ್ತದೆ ಎನ್ನುವವರಿದ್ದಾರೆ. ಸ್ವಾಮಿಯವರೇ ಅದಕ್ಕೆ ಉತ್ತರ. ಅವರು ಹಾರ್ವರ್ಡ್‌ನಲ್ಲಿ ಇರ್ವಿಂಗ್ ಬೈಲಿ ಅವರ ಜೊತೆ ಸಂಶೋಧನೆ ಮಾಡಿದವರು. ‘ಸಾರ್ಕಾಂಡ್ರ’ ಕುಲದ ಒಂದು ಸಸ್ಯಕ್ಕೆ ಆ ಗುರುವಿನ ಹೆಸರನ್ನೇ ಇಟ್ಟವರು. ಸಸ್ಯದ ಒಳರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ಅಷ್ಟು ಆಳವಾಗಿ ನೋಡಿದ್ದರಿಂದಲೇ ಅದರ ಬಗ್ಗೆ ಅಷ್ಟು ಸಲೀಸಾಗಿ ಹರಟಲು ಆಯಿತು. ಅರೆಬರೆ ತಿಳಿದವನು ಪರಿಭಾಷೆಯ ಹಿಂದೆ ಅಡಗುತ್ತಾನೆ, ಪೂರ್ತಿ ತಿಳಿದವನಿಗೆ ಆ ಭಯವಿಲ್ಲ.

ಇದು ಬರೀ ಸಾಹಿತ್ಯದ ಮಾತಲ್ಲ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಗೆಳೆಯನೊಬ್ಬ ನಮ್ಮ ಬ್ಯಾಚಿನಲ್ಲಿದ್ದಾನೆ. ಪರೀಕ್ಷೆಯ ಹಿಂದಿನ ರಾತ್ರಿ ಹಾಸ್ಟೆಲ್‌ನಲ್ಲಿ ನಮಗೆಲ್ಲ ‘ಡೆಡ್‌ಲಾಕ್’ ಅರ್ಥ ಮಾಡಿಸಿದ್ದು ಅವನೇ. “ದೇವರಾಜ ಮಾರ್ಕೆಟ್ ಹತ್ರ ಓಣೀಲಿ ಎರಡು ಆಟೊ ಎದುರುಬದುರು ನಿಂತಿರ್ತವೆ ಕಣ್ರೋ. ಇವನು ನೀನು ಹಿಂದೆ ತಗೋ ಅಂತಾನೆ, ಅವನು ನೀನೇ ತಗೋ ಅಂತಾನೆ. ಇಬ್ರೂ ಜಾಗ ಬಿಡಲ್ಲ, ಬಿಡಿಸೋಕೆ ಪೊಲೀಸೂ ಇಲ್ಲ. ಅಷ್ಟೇ ಡೆಡ್‌ಲಾಕು!” ಒಬ್ಬರಿಗಷ್ಟೇ ಸಾಲುವ ದಾರಿ, ಹಿಡಿದ ಜಾಗ ಬಿಡದೆ ಕಾಯುವುದು, ಕಿತ್ತುಕೊಳ್ಳುವವರಿಲ್ಲದಿರುವುದು, ಒಬ್ಬರಿಗಾಗಿ ಇನ್ನೊಬ್ಬರು ಕಾಯುವ ಸುತ್ತು: ಪುಸ್ತಕ ಹೇಳುವ ನಾಲ್ಕೂ ಷರತ್ತುಗಳು ಆ ಜಗಳದಲ್ಲಿವೆ. ನಾವು ನಕ್ಕೆವು, ಮರೆಯಲಿಲ್ಲ. ಮಾರನೆಯ ವಾರ ವೈವಾದಲ್ಲಿ ಅದೇ ಪ್ರಶ್ನೆ ಬಂದಾಗ ಅವನು ಇಂಗ್ಲಿಷ್ ವ್ಯಾಖ್ಯೆ ನೆನಪಾಗದೆ ಸುಮ್ಮನೆ ನಿಂತಿದ್ದ. ಉರು ಹೊಡೆದವರಿಗೆ ಅವನಿಗಿಂತ ಹೆಚ್ಚು ಅಂಕ ಬಂತು.

ಪ್ರಾದೇಶಿಕ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು 2021ರಲ್ಲಿ ಎಐಸಿಟಿಇ ಅವಕಾಶ ಕೊಟ್ಟಿತು. ಕರ್ನಾಟಕದಲ್ಲಿ ಆ ಸೀಟುಗಳಿಗೆ ಹೇಳಿಕೊಳ್ಳುವಂಥ ಬೇಡಿಕೆ ಬರಲಿಲ್ಲ. ಕೆಲಸ ಸಿಗುತ್ತದೋ ಇಲ್ಲವೋ ಎಂಬ ಭಯ ಸಹಜ. ಆದರೆ ಇನ್ನೊಂದು ಕಾರಣವೂ ಇದೆ. ಆಡುಮಾತಿನಲ್ಲಿ, ತಮಾಷೆಯಲ್ಲಿ, ಕತೆಯಲ್ಲಿ ತಂತ್ರಜ್ಞಾನ ಓಡಾಡದ ಭಾಷೆಗೆ ಅದನ್ನು ನೇರವಾಗಿ ಪಠ್ಯಪುಸ್ತಕದ ಮೂಲಕ ತರಲು ಹೊರಟರೆ ಅದು ಗೆಜೆಟ್ ಅಧಿಸೂಚನೆಯಂತೆ ಕೇಳಿಸುತ್ತದೆ. ವಿಟಿಯುನಲ್ಲಿ ನಮಗೆ ಕನ್ನಡ ಒಂದು ಕ್ರೆಡಿಟ್‌ನ ವಿಷಯ. ಪಾಸಾದರೆ ಮುಗಿಯಿತು. ನಮ್ಮ ವಿಷಯವನ್ನು ಕನ್ನಡದಲ್ಲಿ ಹೇಳಿ ನೋಡಿ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಬರೆಯಲು ಸರಕೇನು ಕಡಿಮೆಯೇ? 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಚನ್ನಪಟ್ಟಣ, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ಬೈಪಾಸ್ ಎಂದರೆ ಒಂದು ಲೋಕ ಮುಳುಗುವುದು ಎಂದು ಆ್ಯಡಮ್ಸ್‌ಗಿಂತ ಚೆನ್ನಾಗಿ ಹೇಳಬಲ್ಲವರು ಹಳೆಯ ರಸ್ತೆಯಲ್ಲಿ ಗೊಂಬೆ, ವಡೆ ಮಾರುತ್ತಿದ್ದವರು. ಅನ್ಯಗ್ರಹದ ನೌಕೆ ಚಾಮುಂಡಿ ಬೆಟ್ಟದ ಮೇಲೆ ಇಳಿದರೆ ಮೊದಲು ಪಾರ್ಕಿಂಗ್ ಚೀಟಿ ಹರಿಯುವವನ ಕತೆ, ಆಧಾರ್ ಒಟಿಪಿ ಬಾರದೆ ಭೂಮಿಯಲ್ಲೇ ಸಿಕ್ಕಿಬಿದ್ದ ಮಂಗಳವಾಸಿಯ ಕತೆ ನಾವಲ್ಲದೆ ಇನ್ಯಾರು ಬರೆಯಬೇಕು?

ಕೆಲಸ ಹುಡುಕುವ ಹೊತ್ತಿನಲ್ಲಿ ಇದೆಲ್ಲ ಯಾಕೆ ಎನ್ನುವವರಿಗೆ ಒಂದೇ ಮಾತು. ಸಂದರ್ಶನದಲ್ಲಿ ಪ್ರಾಜೆಕ್ಟ್ ಬಗ್ಗೆ ಸರಳವಾಗಿ ಹೇಳಿ ಎಂದಾಗ ತಡವರಿಸುವವರು ನಾವೇ. ಅಜ್ಜಿಗೆ ಅರ್ಥವಾಗುವಂತೆ, ಅವರು ನಗುವಂತೆ ಹೇಳಿ ಅಭ್ಯಾಸವಿದ್ದವನು ಯಾವ ಭಾಷೆಯಲ್ಲೂ ತಡವರಿಸುವುದಿಲ್ಲ.

ಕಾಲೇಜು ಮ್ಯಾಗಜಿನ್‌ಗೆ ಈ ಸಲ ‘ತಾಯಿ’, ‘ಸ್ನೇಹ’ ಎಂಬ ಕವನಗಳ ಜೊತೆ ಒಂದು ಪುಟ ಹೀಗೂ ಇರಲಿ. ಸೆಮಿಸ್ಟರ್‌ನಲ್ಲಿ ನಿಮ್ಮನ್ನು ಅತಿ ಹೆಚ್ಚು ಕಾಡಿದ ಒಂದು ಪಾಠ ತೆಗೆದುಕೊಳ್ಳಿ, ಕನ್ನಡದಲ್ಲಿ ಅದನ್ನು ಗೇಲಿ ಮಾಡಿ ಬರೆಯಿರಿ. ಗೇಲಿ ಸರಿಯಾಗಿ ಬಂದರೆ ಪಾಠ ಅರ್ಥವಾಗಿದೆ ಎಂದೇ ಲೆಕ್ಕ. ಬಾರದಿದ್ದರೆ ಪುಸ್ತಕ ಇನ್ನೊಮ್ಮೆ ತೆರೆಯಿರಿ.