ನನ್ನ ಚಕ್ಕರನ್ನ ಸಾಕ್ಷಿಗೆ ಕರೀಬ್ಯಾಡ್ರಿ

ಮೊನ್ನೆ ಶುಕ್ರವಾರ ಸಂಜೀಗೆ ಹಿಂದಿನ ಓಣ್ಯಾಗ ಅರಿಶಿಣ-ಕುಂಕುಮಕ್ಕ ಹೋಗಿದ್ದೆ. ಉಡಿ ತುಂಬಿಸ್ಕೊಂಡು, ಉಂಡಿ ಪ್ಲೇಟು ಕೈಯಾಗ ಹಿಡಕೊಂಡು ಕೂತೀನಿ, ಹಿಂದಿನ ಸಾಲಿನಾಗ ನನ್ನ ಹೆಸರು ಕೇಳಿಸ್ತು. "ಅವರನ್ನ ನೋಡ್ರಿ, ಲಸಿಕಿ ತೊಗೊಂಡ ಮ್ಯಾಲೆ ವರ್ಷಗಟ್ಟಲೆ ತಲಿ ತಿರುಗಿ ಹಾಸಗಿ ಹಿಡಿದಿದ್ರು. ಅದಕ್ಕ ನಾವು ಕೂಸಿಗೆ ಒಂಬತ್ತು ತಿಂಗಳದ್ದು ಹಾಕಿಸಲೇ ಇಲ್ಲ."

ಉಂಡಿ ಗಂಟಲದಾಗ ಸಿಕ್ಕೊಂಡ್ತು. ಯಾರು ಅಂದ್ರು ಅನ್ನೋದು ಬರಿಯೂದಿಲ್ಲ. ಅವರಿಗೆ ಗೊತ್ತದ, ನನಗ ಗೊತ್ತದ, ಓದೋರೊಳಗ ಅರ್ಧಾ ಮಂದಿಗೂ ಗೊತ್ತಾಗತದ. ಆರತಿ ಹೊತ್ತಿನಾಗ ಜಗಳ ಬ್ಯಾಡಂತ ಸುಮ್ಮನ ಎದ್ದು ಬಂದೆ. ಆದ್ರ ರಾತ್ರಿ ನಿದ್ದಿ ಹತ್ತಲಿಲ್ಲ. ನನ್ನ ತಲಿ ತಿರುಗಿದ್ದು ನನ್ನದು. ಅದನ್ನ ನನ್ನ ಕೇಳಲಾರದ ಒಯ್ದು ಒಂದು ಕೂಸಿನ ಮ್ಯಾಲೆ ಹಾಕೋದು ಯಾವ ನ್ಯಾಯ?

ಆಗಿದ್ದು ಏನು ಅಂತ ಮೊದಲ ಹೇಳಿ ಬಿಡತೀನಿ, ಯಾಕಂದ್ರ ಅದು ಊರಾಗ ನೂರು ಥರಾ ಆಗೇದ.

2021ರ ಏಪ್ರಿಲ್ 1ರಿಂದ ನಲವತ್ತೈದು ದಾಟಿದವರಿಗೆಲ್ಲಾ ಕೊಡಲಿಕ್ಕೆ ಶುರು ಮಾಡಿದ್ರಲ್ಲ, ಆ ತಿಂಗಳೇ ನಾನೂ ನಮ್ಮ ಮನಿಯವರೂ ಸಾಲಿಯೊಳಗ ಪಾಳಿ ಹಚ್ಚಿ ಮೊದಲನೇದು ತೊಗೊಂಡ್ವಿ. ಯಾವ ಲಸಿಕಿ ಅಂತ ಹೆಸರು ಬ್ಯಾಡ, ಹೆಸರು ಬರದರ ಮತ್ತ ಅದರದೇ ಹರಟಿ ಶುರು ಆಗತದ. ಆಮ್ಯಾಲೆ ಎರಡನೇದಕ್ಕ ಅಂತರ ಹನ್ನೆರಡು ವಾರ ಅಂತ ಮಾಡಿದ್ರು, ಹಿಂಗಾಗಿ ಜುಲೈನಾಗ ಎರಡನೇದು ಆತು. ಎರಡು ದಿನ ಜ್ವರ, ಮೈ ಕೈ ನೋವು. ಎಲ್ಲಾರಿಗೂ ಆದಂಗನ. ನಾಲ್ಕನೇ ದಿನ ಮುಂಜಾನೆ ಹಾಸಗ್ಯಾಗ ಎಡಮಗ್ಗಲಿಗೆ ಹೊಳ್ಳಿದೆ ನೋಡ್ರಿ, ಫ್ಯಾನು, ಗ್ವಾಡಿ, ಕಪಾಟು ಎಲ್ಲಾ ಗರಗರ ತಿರುಗಲಿಕ್ಕೆ ಹತ್ತಿದ್ವು. ಗಟ್ಟಿಯಾಗಿ ಹಾಸಗಿ ಹಿಡಕೊಂಡೆ. ಅರ್ಧಾ ನಿಮಿಷ ಇದ್ದೀತು, ನಿಂತು. ವಾಂತಿ ಬಂದಂಗ ಸಂಕಟ ಮಾತ್ರ ಮಧ್ಯಾಹ್ನದ ತನಕಾ.

ಅವತ್ತಿನಿಂದ ಅದು ಬಿಡಲಿಲ್ಲ. ಮ್ಯಾಲಿನ ಶೆಲ್ಫಿನ ಡಬ್ಬಿ ತೆಗೀಲಿಕ್ಕೆ ತಲಿ ಎತ್ತಿದ್ರ ಚಕ್ಕರು. ರಂಗೋಲಿ ಹಾಕಿ ಎದ್ರ ಕಣ್ಣಿಗೆ ಕತ್ತಲಿ. ಕಿವ್ಯಾಗ ಗುಂಯ್ ಅನ್ನೋ ಸಪ್ಪಳ, ನಾಲ್ಕು ರೊಟ್ಟಿ ಬಡಿಯೋದ್ರಾಗ ಸುಸ್ತು. ಏಳು ತಿಂಗಳು ಹಿಂಗ ಕಳದೆ. ವರ್ಷಗಟ್ಟಲೆ ಅಲ್ಲ, ಏಳು ತಿಂಗಳು. ಹಾಸಗಿನೂ ಹಿಡಿದಿರಲಿಲ್ಲ, ಅಡಗಿ ಮನಿ ಕಟ್ಟಿ ಹಿಡಕೊಂಡು ಅಡಗಿ ಮಾಡೇ ಮಾಡೀನಿ. ಉಂಡವರು ಸಾಕ್ಷಿ ಇದ್ದಾರ.

ಈಗ ಆ ಏಳು ತಿಂಗಳದಾಗ ಯಾರು ಯಾರು ಏನಂದ್ರು ಕೇಳ್ರಿ. ಮೊದಲಿನ ಡಾಕ್ಟರು ಚೀಟಿಯಿಂದ ತಲಿ ಎತ್ತಲಾರದ "ಈ ವಯಸ್ಸಿನಾಗ ಹೆಂಗಸರಿಗೆ ಹಿಂಗ ಆಗತದ" ಅಂದ್ರು. ಲಸಿಕಿ ಆದ ಮ್ಯಾಲೆ ಶುರು ಆತ್ರಿ ಅಂದೆ. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಮನಸ್ಸಿಗೆ ಹಚ್ಕೋಬ್ಯಾಡ್ರಿ" ಅಂತ ಹೇಳಿ ತಲಿ ತಿರುಗೋ ಗುಳಿಗಿ ಬರದ್ರು. ಒಂದು ಸಲ ಬಿ.ಪಿ. ನೋಡಲಿಲ್ಲ, ಹಾಸಗಿ ಮ್ಯಾಲೆ ಮಲಗಿಸಿ ನೋಡಲಿಲ್ಲ. ನಮ್ಮ ಮನಿಯವರು "ಡಾಕ್ಟರೇ ಏನಿಲ್ಲ ಅಂದಾರ" ಅಂತ ಪೇಪರು ತಿರುವಿದ್ರು. ನಮ್ಮ ನೆಗೆಣ್ಣಿ ಪಿತ್ತ ಅಂದ್ಲು, ಜೀರಗಿ ಕಷಾಯ ಮಾಡಿ ಕೊಟ್ಲು (ರುಚಿ ಛಲೋ ಇತ್ತು, ಅದು ಬ್ಯಾರೆ ಮಾತು). ಸ್ವಾದರತ್ತಿ ದೃಷ್ಟಿ ತಗದ್ರು. ಇನ್ನ ಅಣ್ಣನ ಮಗ ಒಬ್ಬಾಂವ ಇದ್ದಾನ, ದಿನಾ ಮುಂಜಾನೆ ಗುಡ್ ಮಾರ್ನಿಂಗ್ ಹೂವಿನ ಜೋಡಿ ಒಂದು ಹೆದರಿಸೋ ವಿಡಿಯೋ ಕಳಸ್ತಾನ. ಅಂವ "ಅತ್ಯಾ, ನಾ ಮೊದಲ ಹೇಳಿರಲಿಲ್ಲೇನು? ಅದು ಮೈಯಾಗ ಹೊಕ್ರ ಹೊರಗ ಬರೂದಿಲ್ಲ" ಅಂದ. ಹಂಗಂದಾಂವ ನನ್ನ ಕರಕೊಂಡು ಯಾವ ದವಾಖಾನಿಗೂ ಬರಲಿಲ್ಲ. ವಿಡಿಯೋ ಕಳಿಸಿದ, ಅಷ್ಟ.

ಡಾಕ್ಟರೂ ಅಣ್ಣನ ಮಗನೂ ಜಗಳ ಆಡೋರಂಗ ಕಂಡ್ರೂ ಇಬ್ಬರೂ ಮಾಡಿದ್ದು ಒಂದ. ಇಬ್ಬರಿಗೂ ಉತ್ತರ ಮೊದಲ ಗೊತ್ತಿತ್ತು, ನನ್ನ ಮಾತು ಬೇಕಾಗಿರಲಿಲ್ಲ. ಒಬ್ಬರಿಗೆ ನಾನು ಸುಳ್ಳು ಹೇಳೋ ಹೆಂಗಸು, ಇನ್ನೊಬ್ಬನಿಗೆ ನಾನು ಉದಾಹರಣಿ. ನಡುವ ನಾನು, ಗ್ವಾಡಿ ಹಿಡಕೊಂಡು ಬಚ್ಚಲಕ್ಕ ಹೋಗತಿದ್ದೆ.

ನನ್ನ ತಪ್ಪೂ ಅದ, ಮುಚ್ಚಿಡೂದಿಲ್ಲ. ಐದು ದಿನಕ್ಕ ಬರದಿದ್ದ ಗುಳಿಗಿನ್ನ ನಾನು ಐದು ತಿಂಗಳು ತಿಂದೆ. ಖಾಲಿ ಪಾಕೀಟು ತೋರಿಸಿದ್ರ ಮೆಡಿಕಲ್ ಅಂಗಡಿಯಾಂವ ಕೊಡತಾನ. ನಾವೆಲ್ಲಾ ಹಿಂಗ ಮಾಡತೀವಿ, ಇಲ್ಲ ಅನಬ್ಯಾಡ್ರಿ. ಈ ತಲಿ ತಿರುಗೋದನ್ನ ತಡಿಯೋ ಗುಳಿಗಿಯೊಳಗ ಕೆಲವು ನಾಲ್ಕಾರು ದಿನಕ್ಕಷ್ಟ. ತಿಂಗಳುಗಟ್ಟಲೆ ತಿಂದ್ರ ಮೆದುಳು ತಾನಾಗಿ ತೋಲ ಹಿಡಿಯೋದನ್ನ ಕಲಿಯೂದಿಲ್ಲ, ಚಕ್ಕರು ಉಳದ ಬಿಡತದ. ವಯಸ್ಸಾದವರಿಗೆ ಕೈ ನಡಗೋದು, ಮೈ ಬಿಗಿಯೋದು ಸುದ್ಧಾ ಬರತದ. ಇದು ನನಗ ತಿಳಿದದ್ದು ಆಮ್ಯಾಲೆ.

ಜನವರಿಯೊಳಗ ಮಗಳು ರಜಾ ಹಾಕಿ ಬಂದು ಕಿವಿ-ಮೂಗು-ಗಂಟಲದ ಡಾಕ್ಟರ ಕಡೆ ಕರಕೊಂಡು ಹೋದ್ಲು. ಹಾಲಿನ ಲೆಕ್ಕ ಬರಿಯೋ ಕ್ಯಾಲೆಂಡರಿನ ಮ್ಯಾಲೆ ನಾ ಸಣ್ಣಾಗಿ ಬರದಿಟ್ಟಿದ್ದೆ: ಎಷ್ಟೊತ್ತಿಗೆ ಬಂತು, ಏನು ಮಾಡಲಿಕ್ಕೆ ಹತ್ತಿದ್ದೆ, ಯಾವ ಮಗ್ಗಲಿಗೆ. ಆ ಹಾಳಿ ಹರಕೊಂಡು ಹೋಗಿದ್ದೆ. ಆಕಿ ಡಾಕ್ಟರು, ನನ್ನ ಮಗಳಿಗಿಂತ ನಾಲ್ಕು ವರ್ಷ ದೊಡ್ಡಾಕಿ ಇದ್ದಾಳು, ಅದನ್ನ ಪೂರಾ ಓದಿದ್ಲು. ಓದಿ ಕೇಳಿದ್ಲು: "ಚಕ್ಕರು ಅಂದ್ರ ಏನಮ್ಮಾ? ಮನಿ ತಿರುಗತದೋ, ಕಣ್ಣಿಗೆ ಕತ್ತಲಿ ಬರತದೋ, ಕಾಲು ತೇಲಾಡತಾವೋ?" ಏಳು ತಿಂಗಳದಾಗ ಈ ಪ್ರಶ್ನಾ ಯಾರೂ ಕೇಳಿರಲಿಲ್ಲ. ನಾನೂ ಯೋಚನಿ ಮಾಡಿರಲಿಲ್ಲ. ಎಲ್ಲಾದಕ್ಕೂ ಒಂದ ಹೆಸರು ಇಟ್ಟಿದ್ದೆ. ನೋಡಿದ್ರ ನನಗ ಎರಡು ಥರದ್ದು ಇದ್ವು.

ಕುತಗಿ ಒಂದು ಕಡೆ ಹೊಳ್ಳಿಸಿ, ತಟ್ಟನ ಹಿಂದಕ್ಕ ಮಲಗಿಸಿದ್ಲು. ಬಂತು ನೋಡ್ರಿ ಗರಗರ. ನಾ ಚೀರಿದೆ. ಆಕಿ ನನ್ನ ಕಣ್ಣಾಗ ನೋಡಿ "ಸಿಕ್ತು" ಅಂದ್ಲು. ಕಿವಿಯ ಒಳಗಡೆ ಸುಣ್ಣದ ಕಣದಂಥಾ ಸಣ್ಣ ಹರಳು ಇರತಾವಂತ, ತೋಲ ತಿಳಿಸೋವು. ಅವು ತಮ್ಮ ಜಾಗಾ ಬಿಟ್ಟು ನೀರು ತುಂಬಿದ ಕೊಳವಿಯೊಳಗ ಜಾರಿದ್ರ, ತಲಿ ಹೊಳ್ಳಿಸಿದಾಗೆಲ್ಲಾ ಲೋಕ ತಿರುಗತದ. ಅದಕ್ಕ ಗುಳಿಗಿ ಅಲ್ಲ ಔಷಧ. ಎಪ್ಲಿ ಅಂತ ಒಬ್ಬ ಅಮೇರಿಕದ ಡಾಕ್ಟರು ಕಂಡುಹಿಡಿದ ಪದ್ಧತಿ ಅದ, ತಲಿನ್ನ ಕ್ರಮವಾಗಿ ಒಂದೊಂದ ದಿಕ್ಕಿಗೆ ಹೊಳ್ಳಿಸಿ ಆ ಹರಳನ್ನ ವಾಪಸ್ ಜಾಗಕ್ಕ ಉರುಳಿಸೋದು. ಹತ್ತು ನಿಮಿಷದ ಕೆಲಸ. ವಾರದ ಮ್ಯಾಲೆ ಇನ್ನೊಮ್ಮೆ ಮಾಡಿದ್ಲು. ಮನಿ ತಿರುಗೋದು ನಿಂತೇ ಹೋತು. ಏಳು ತಿಂಗಳ ಸಂಕಟ, ಎರಡು ಸಲ ಹತ್ತು ನಿಮಿಷ! ಸಂತೋಷಕ್ಕಿಂತ ನನಗ ಸಿಟ್ಟ ಬಂತು. (ವಿಡಿಯೋ ನೋಡಿ ಮನ್ಯಾಗ ನೀವ ಮಾಡ್ಕೋಬ್ಯಾಡ್ರಿ. ಯಾವ ಕಿವಿ ಅನ್ನೋದು ಮೊದಲ ಗೊತ್ತಾಗಬೇಕು, ಕುತಗಿ ನೋವಿದ್ದವರಿಗೆ ಬ್ಯಾರೆ ಥರಾ ಮಾಡತಾರ.)

ಎರಡನೇ ಥರದ್ದು, ಎದ್ದು ನಿಂತಾಗ ಕತ್ತಲಿ ಬರೋದು. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿ.ಪಿ. ನೋಡಿದ್ರು, ನಿಂತಾಗ ಇಳೀತಿತ್ತು. ರಕ್ತ ಪರೀಕ್ಷಾದಾಗ ಹಿಮೋಗ್ಲೋಬಿನ್ 9.2. ಹೆಂಗಸರಿಗೆ 12 ಇರಬೇಕು. ಬಿ-12 ಪಾತಾಳಕ್ಕ ಇಳಿದಿತ್ತು. ಅದು ಹಾಲು, ಮೊಸರು, ತತ್ತಿ, ಮಾಂಸದಾಗಷ್ಟ ಸಿಗೋದು. ನಮ್ಮ ಮನ್ಯಾಗ ತತ್ತಿ ಇಲ್ಲ, ಮಾಂಸ ಇಲ್ಲ. ಮೊಸರಿನ ಕೆನಿ ಯಾರ ತಾಟಿಗೆ ಹೋಗತದ? ನಮಗ ಉಳಿಯೋದು ನೀರ ಮಜ್ಜಿಗಿ. ಇದು ಲಸಿಕಿ ಮಾಡಿದ್ದಲ್ಲ, ಮೂವತ್ತು ವರ್ಷ ನಾನ ಬಡಿಸಿದ್ದು. ಇಂಜೆಕ್ಷನ್ನು, ಕಬ್ಬಿಣದ ಗುಳಿಗಿ, ಜಾಸ್ತಿ ನೀರು, ಏಳೋ ಮುಂದ ಹಾಸಗಿ ತುದಿಗೆ ಒಂದು ನಿಮಿಷ ಕೂಡೋದು. ಮಳಿಗಾಲ ಬರೋದ್ರಾಗ ಆರಾಮಾದೆ. ಕಿವಿ ಸಪ್ಪಳ ಈಗೂ ಆಗಾಗ ಬರತದ, ಅದರ ಜೋಡಿ ಸಂಸಾರ ಹೂಡೀನಿ.

ಹಂಗಾರ ಲಸಿಕಿಯಿಂದ ಆತೋ ಇಲ್ಲೋ? ನಾನೂ ಕೇಳಿದೆ. ಆಕಿ ಡಾಕ್ಟರು ಹೇಳಿದ್ದು ನನಗ ಬಾಯಿಪಾಠ ಆಗೇದ: "ಐವತ್ತು ದಾಟಿದ ಹೆಂಗಸರಿಗೆ ಈ ಹರಳು ಜಾರೋದು ಬಹಳ. ಜ್ವರ ಬಂದು ಮಲಗಿದ್ರೂ ಜಾರತಾವ, ಕಾರಣ ಇಲ್ಲದನೂ ಜಾರತಾವ. ಲಸಿಕಿಯಿಂದನ ಅಂತ ನಾ ಹೇಳಲಾರೆ, ಅಲ್ಲ ಅಂತ ಆಣಿ ಮಾಡಲಾರೆ. ಆದ್ರ ನಿಮಗ ಆಗಿದ್ದು ಖರೇ, ಅದಕ್ಕ ಔಷಧ ಅದ." ಇಷ್ಟು ಮಾತು ಮೊದಲಿನಾಂವ ಅಂದಿದ್ರ ನನ್ನ ಏಳು ತಿಂಗಳು ಉಳೀತಿದ್ವು. ಅಣ್ಣನ ಮಗನ ವಿಡಿಯೋ ನೋಡೋ ಮನಸ್ಸೂ ಆಗತಿರಲಿಲ್ಲ. ಏನಿಲ್ಲ ಏನಿಲ್ಲ ಅಂತ ಬಾಗಲಾ ಹಾಕಿದ್ರ ಮಂದಿ ಹಿತ್ತಲ ಬಾಗಲಕ್ಕ ಹೋಗತಾರ, ಅಲ್ಲೆ ಸುಳ್ಳು ಮಾರೋರು ಅಂಗಡಿ ಇಟ್ಟಿರತಾರ.

ಇನ್ನೊಂದು. ಲಸಿಕಿ ಆದ ಮ್ಯಾಲೆ ಏನ ತೊಂದರಿ ಆದ್ರೂ, ಕಾರಣ ಅದೋ ಅಲ್ಲೋ ಗೊತ್ತಿಲ್ಲದಿದ್ರೂ, ಅದನ್ನ ದಾಖಲ ಮಾಡೋ ಪದ್ಧತಿ ಸರ್ಕಾರದಾಗ ಅದ. ಹಾಕಿದ ಸಿಸ್ಟರಿಗೆ, ಆಶಾ ಕಾರ್ಯಕರ್ತಿಗೆ ಹೇಳಿದ್ರ ಮ್ಯಾಲೆ ಕಳಸ್ತಾರ. ಔಷಧದ ಅಡ್ಡಪರಿಣಾಮ ಹೇಳಲಿಕ್ಕೆ 1800-180-3024 ಅಂತ ಪುಕ್ಕಟೆ ನಂಬರೂ ಅದ. ನನಗ ಯಾರೂ ಹೇಳಲಿಲ್ಲ. ತೊಂದರಿ ಹೇಳೋದು ಲಸಿಕಿ ವಿರೋಧ ಅಂತ ಹೆದರಿಸಿ ಇಟ್ಟಾರ. ಹಂಗಲ್ಲ ಅದು. ರಕ್ತ ಹೆಪ್ಪುಗಟ್ಟೋ ಆ ಅಪರೂಪದ ತೊಂದರಿ 2021ರಾಗ ಗೊತ್ತಾಗಿದ್ದರ ಹೆಂಗ? ಮಂದಿ ಹೇಳಿದ್ರು, ಡಾಕ್ಟರು ಬರಕೊಂಡ್ರು, ಎಣಿಸಿದ್ರು, ಹಂಗ. 2024ರಾಗ ಇಂಗ್ಲಂಡಿನ ಕೋರ್ಟಿನ ಸುದ್ದಿ ಬಂದಾಗ ನನಗ ಒಂದ ದಿನಕ್ಕ ಹನ್ನೊಂದು ಫೋನು. "ಈಗ ಗೊತ್ತಾತಿಲ್ಲೋ?" ಅಂತ. ಆ ತೊಂದರಿ ಆದ್ರ ಸೂಜಿ ಆದ ನಾಲ್ಕಾರು ವಾರದಾಗ ಆಗತದ, ಮೂರು ವರ್ಷದ ಮ್ಯಾಲಲ್ಲ. ನನ್ನ ಹರಳಿಗೂ ಅದಕ್ಕೂ ಏನೂ ಸಂಬಂಧ ಇರಲಿಲ್ಲ. ಅದನ್ನ ಕೇಳೋ ತಾಳ್ಮಿ ಯಾರಿಗಿತ್ತು?

ಮತ್ತ ಇದನ್ನೂ ಕೇಳ್ರಿ, ಇದು ಯಾರಿಗೂ ಗೊತ್ತಿಲ್ಲ. 2022ರಾಗ ಸರ್ಕಾರದವರು ಎಪ್ಪತ್ತೈದು ದಿನ ಪುಕ್ಕಟೆ ಮೂರನೇ ಡೋಸು ಕೊಟ್ರಲ್ಲ, ನಾ ತೊಗೊಂಡೆ. ಆಕಿ ಡಾಕ್ಟರನ್ನ ಕೇಳಿ, ಹೊಟ್ಟಿ ತುಂಬಾ ಉಂಡು, ಹಾಕಿದ ಮ್ಯಾಲೆ ಅರ್ಧಾ ತಾಸು ಅಲ್ಲೇ ಕೂತು ಬಂದೆ. ಒಂದು ದಿನ ತೋಳು ನೋವು. ನನ್ನ ಹೆಸರು ಹೇಳೋರು ಇದನ್ನೂ ಹೇಳಬೇಕಾಗಿತ್ತಲ್ಲ?

ಈಗ ಆ ಕೂಸಿನ ಮಾತು. ಒಂಬತ್ತು ತಿಂಗಳಿಗೆ ಹಾಕೋದು ದಡಾರ-ರುಬೆಲ್ಲಾದ್ದು. ಕೊರೊನಾದ ಸೂಜಿನ ಅಲ್ಲ ಅದು. ಬ್ಯಾರೆ ಲಸಿಕಿ, ಬ್ಯಾರೆ ರೋಗ, ಬ್ಯಾರೆ ವಯಸ್ಸು, ನಮ್ಮ ಮಕ್ಕಳಿಗೂ ದಡಾರದ್ದು ಹಾಕಿಸೇ ಬೆಳಿಸೀವಿ. ದಡಾರಕ್ಕ ನಮ್ಮ ಕಡೆ ಹಿರೇರು ಗೊಬ್ಬರ ಅಂತಿದ್ರು, ಬಾಗಲಕ್ಕ ಬೇವಿನ ಟೊಂಗಿ ಕಟ್ಟತಿದ್ರು. ಅದು ಬರೇ ಮೈಮ್ಯಾಲಿನ ಗುಳ್ಳಿ ಅಲ್ಲ, ಪುಪ್ಪುಸಕ್ಕ ಇಳೀತದ, ಕಿವಿಗೆ ಹೋಗತದ, ಒಮ್ಮೊಮ್ಮೆ ಮೆದುಳಿಗೂ. ನಮ್ಮವ್ವನ ತಂಗಿ ಒಬ್ಬಾಕಿ ಅದರಾಗ ಹೋದ್ಲು, ಎರಡು ವರ್ಷದಾಕಿ. ಅವ್ವ ಸಾಯೋತನಕಾ ಆಕಿ ಹೆಸರು ತಗದ್ರ ಸೆರಗು ಕಣ್ಣಿಗೆ ಹಚ್ಚತಿದ್ಲು. ನನ್ನ ತೋಳಿನ ಮ್ಯಾಲೆ ದೇವಿ ಹಾಕಿದ ಗುರುತು ಅದ, ನಿಮ್ಮೊಳಗ ನನ್ನ ವಾರಿಗಿಯವರಿಗೆಲ್ಲಾ ಅದ. ಸೆರಗು ಸರಿಸಿ ನೋಡಕೊಳ್ರಿ. 1975ರ ಮ್ಯಾಲೆ ನಮ್ಮ ದೇಶದಾಗ ಆ ಸಿಡುಬು ಒಬ್ಬರಿಗೂ ಬಂದಿಲ್ಲ. ನಮ್ಮ ಮಕ್ಕಳ ತೋಳಿನ ಮ್ಯಾಲೆ ಆ ಗುರುತು ಇಲ್ಲ, ಯಾಕಂದ್ರ ಬೇಕಾಗಲೇ ಇಲ್ಲ.

ಸೊಸಿಗೆ ಹೆದರಿಕಿ ಇದ್ರ ಬೈಬ್ಯಾಡ್ರಿ. ಚೊಚ್ಚಲ ಕೂಸು, ಹೆದರಿಕಿ ಇರೋದ. ಜ್ವರ ಬಂದ್ರ ಏನು ಮಾಡಬೇಕು, ಯಾವಾಗ ದವಾಖಾನಿಗೆ ಓಡಬೇಕು ಅಂತ ಸಿಸ್ಟರನ್ನ ಕೇಳಲಿಕ್ಕೆ ಹೇಳ್ರಿ, ಬರಕೊಳ್ಳಲಿ. ಸಿಸ್ಟರು ಗಡಿಬಿಡಿ ಮಾಡಿದ್ರ ಮತ್ತ ಕೇಳಲಿ. ಕೇಳೋ ಹಕ್ಕು ಅದ ಆಕಿಗೆ. ನನಗ ಯಾರಾದರೂ ಆ ಧೈರ್ಯ ಕೊಟ್ಟಿದ್ರ ಛಲೋ ಆಗತಿತ್ತು.

ಇದನ್ನ ಓದೋರೊಳಗ ಈಗ ಯಾರಿಗಾದರೂ ಚಕ್ಕರು ಬರಲಿಕ್ಕೆ ಹತ್ತಿದ್ರ, ಕಾರಣ ಲಸಿಕಿ ಇರಲಿ ಉಪವಾಸ ಇರಲಿ, ಗುಳಿಗಿ ಪಾಕೀಟು ಹುಡುಕಬ್ಯಾಡ್ರಿ, ಕ್ಯಾಲೆಂಡರಿನ ಮ್ಯಾಲೆ ಬರೀರಿ. ಮಾತು ತೊದಲಿದ್ರ, ಮಾರಿ ಒಂದು ಕಡೆ ಜೋತ್ರ, ಒಂದು ಕೈ ಕಾಲು ಸೋತ್ರ, ಒಂದು ಎರಡಾಗಿ ಕಂಡ್ರ ಮಾತ್ರ ಬರಕೋತ ಕೂಡಬ್ಯಾಡ್ರಿ, ಆ ಗಳಿಗ್ಯಾಗ ದೊಡ್ಡ ದವಾಖಾನಿಗೆ ಹೋಗ್ರಿ.

ಬರೋ ಗುರುವಾರ ನಮ್ಮ ಅಂಗನವಾಡ್ಯಾಗ ಲಸಿಕಿ ಹಾಕತಾರ. ಒಂಬತ್ತು ತಿಂಗಳದ್ದು ತಪ್ಪಿದ್ರೂ ಈಗ ಹಾಕತಾರಂತ, ಸಿಸ್ಟರನ್ನ ಕೇಳೀನಿ. ವೈನೀ, ಸಿಟ್ಟು ಬಂದಿದ್ರ ಬೈರಿ, ಕೇಳಿಸ್ಕೋತೀನಿ. ಆದ್ರ ಹತ್ತೂವರಿಗೆ ನಾ ಕಟ್ಟಿ ಮ್ಯಾಲೆ ಕೂತಿರತೀನಿ. ಸೊಸಿ ಕೂಸಿನ್ನ ಕರಕೊಂಡು ಹೊಂಟ್ರ ಒಂದು ಹಾಕು ಹಾಕ್ರಿ, ಕಾರ್ಡು ಮರೀಬ್ಯಾಡ್ರಿ, ಕೊಡಿ ನಾ ಹಿಡಕೋತೀನಿ.