ಕಾರಿಗೂ ಪೊರೆ

ಮಕ್ಕಳೇ, ಹೋದ ತಿಂಗಳು ನಮ್ಮ ಮನೆಯ ಅಜ್ಜಿಗೆ ಕಣ್ಣಿನ ಪೊರೆ ತೆಗೆದರು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಪಟ್ಟಿ ಬಿಚ್ಚಿಸಬೇಕು. ಕಾರಿನ ಕೀಲಿ ತಿರುಗಿಸಿದರೆ ಬರೀ ‘ಟಿಕ್’ ಸದ್ದು! ನಾನು ತಿರುಗಿಸುತ್ತಲೇ ಇದ್ದೆ, ಅಜ್ಜಿ ಒಂದೇ ಕಣ್ಣಲ್ಲಿ ಗಡಿಯಾರ ನೋಡುತ್ತಲೇ ಇದ್ದಳು. ಕೊನೆಗೆ ಆಟೋ ಹತ್ತಿದೆವು.

ಸಂಜೆ ಬಾನೆಟ್ ಎತ್ತಿದೆ. ‘ದೀಪ ಉರಿಯುತ್ತೆ, ಎಂಜಿನ್ ಯಾಕೆ ಏಳಲ್ಲ ತಾತಾ?’ ಎಂದಳು ಮೊಮ್ಮಗಳು. ಒಳ್ಳೆಯ ಪ್ರಶ್ನೆ. ದೀಪಕ್ಕೆ ಕೆಲವೇ ಆಂಪಿಯರ್ ಸಾಕು. ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರಿಗೆ ನೂರಕ್ಕೂ ಹೆಚ್ಚು ಬೇಕು. ಚಿಲ್ಲರೆ ಸಿಕ್ಕಿತೆಂದು ದೊಡ್ಡ ಚೆಕ್ ಪಾಸಾಗಬೇಕಿಲ್ಲವಲ್ಲ!

ಮೀಟರ್ ಹಿಡಿದೆ. ಬ್ಯಾಟರಿಯಲ್ಲಿ 12.6 ವೋಲ್ಟ್. ಖಾತೆ ತುಂಬಿದೆ. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಸಬೇಕಿತ್ತು. ಹಾಗಾದರೆ ತೊಡಕು ಎಲ್ಲಿ? ಮೊಮ್ಮಗಳು ದೂರದಿಂದಲೇ ಬೆರಳು ತೋರಿಸಿದಳು. ಬ್ಯಾಟರಿಯ ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ! ಅದು ಕರೆಂಟಿನ ದಾರಿಗೆ ಅಡ್ಡ ನಿಂತಿತ್ತು.

ಕೈಗವಸು ತೊಟ್ಟೆ. ಮೊದಲು ಮೈನಸ್ ತಂತಿ, ಆಮೇಲೆ ಪ್ಲಸ್ ಬಿಚ್ಚಿದೆ. ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ, ಹಳೆಯ ಬ್ರಷ್‌ನಿಂದ ಉಜ್ಜಿ ಒರೆಸಿದೆ. ಜೋಡಿಸುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್. ಈ ಕ್ರಮ ತಪ್ಪಿದರೆ ಕಿಡಿ ಹಾರಬಹುದು. ಮಕ್ಕಳೇ, ಆ ಪುಡಿಯನ್ನು ನೀವು ಮುಟ್ಟಬೇಡಿ, ಚರ್ಮ ಉರಿಯುತ್ತದೆ. ಗುರುತಿಸಿ ದೊಡ್ಡವರಿಗೆ ಹೇಳಿದರೆ ಸಾಕು.

ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಎಂಜಿನ್ ಎದ್ದಿತು!

ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ ಅಜ್ಜಿ ನಕ್ಕಳು: ‘ಪೊರೆ ನನಗೊಬ್ಬಳಿಗೇ ಬಂದಿರಲಿಲ್ಲ ಅನ್ನಿ!’